ಡಿಬಿಎಸ್ ಆಪರೇಷನ್ ಆಗಿ ಮನೆಗೆ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಕಿನ್ಸನ್ ಕಾಯಿಲೆಗೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ (ಮಿದುಳಿನೊಳಗೆ ತಂತಿ ಇಳಿಸಿ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ), ಅಂದರೆ ಡಿಬಿಎಸ್ ಮಾಡಿಸಿಕೊಂಡು ಮನೆಗೆ ಬಂದವರಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಈ ಪುಟ. ಎಸೆನ್ಶಿಯಲ್ ಟ್ರೆಮರ್ (ಕೈ ನಡುಗುವ ಇನ್ನೊಂದು ಕಾಯಿಲೆ), ಡಿಸ್ಟೋನಿಯಾ (ಸ್ನಾಯು ತಾನಾಗಿ ಬಿಗಿದು ತಿರುಚುವ ಕಾಯಿಲೆ) ಇರುವವರಿಗೂ ಗಾಯ, ವೈರು, ಬ್ಯಾಟರಿಯ ಸಂಗತಿಗಳು ಇವೇ. ಮಾತ್ರೆಯ ಲೆಕ್ಕ ಮಾತ್ರ ಬೇರೆ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿರುವುದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಚೀಟಿಯ ಮಾತೇ ನಡೆಯಲಿ. ನಿಮ್ಮ ತಲೆಯನ್ನು ನೋಡಿ ಬರೆದವರು ಅವರು.

ಮೈಯೊಳಗೆ ಏನೇನು ಕೂತಿದೆ? ಗಾಯಗಳು ಎಲ್ಲೆಲ್ಲಿರುತ್ತವೆ?

ಮಿದುಳಿನೊಳಗೆ ಇಳಿದಿರುವುದು ಲೀಡ್. ಸುಮಾರು 1.3 ಮಿಲಿಮೀಟರ್ ದಪ್ಪದ ಮೆತ್ತನೆಯ ತಂತಿ ಅದು. ತುದಿಯಲ್ಲಿ ಕರೆಂಟ್ ಹಾಯಿಸುವ ನಾಲ್ಕು ಅಥವಾ ಎಂಟು ಲೋಹದ ಕಾಂಟ್ಯಾಕ್ಟ್‌ಗಳಿರುತ್ತವೆ. ಅದು ಒಳಹೋಗಲು ಬುರುಡೆಯಲ್ಲಿ ಕೊರೆದ ರಂಧ್ರ ಹೆಚ್ಚಾಗಿ 14 ಮಿಲಿಮೀಟರ್ ಅಗಲವಿರುತ್ತದೆ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ನೆತ್ತಿಯ ಮೇಲೆ ಕೈಯಾಡಿಸಿದಾಗ ಸಿಗುವ ಗಟ್ಟಿ ಉಬ್ಬು ಅದೇ, ಗಡ್ಡೆಯಲ್ಲ. ಅಲ್ಲಿಂದ ಎಕ್ಸ್‌ಟೆನ್ಷನ್ ವೈರು ಕಿವಿಯ ಹಿಂದೆ, ಕುತ್ತಿಗೆಯ ಚರ್ಮದಡಿ ಹಾದು ಕಾಲರ್ ಬೋನ್ ಕೆಳಗಿರುವ ಪಲ್ಸ್ ಜನರೇಟರ್ ಸೇರುತ್ತದೆ. ಎಲ್ಲರೂ ‘ಬ್ಯಾಟರಿ’ ಎನ್ನುವುದು ಇದಕ್ಕೇ.

ಹೀಗಾಗಿ ನೆತ್ತಿಯಲ್ಲಿ ಒಂದೋ ಎರಡೋ ಗಾಯ, ಕಿವಿಯ ಹಿಂದೆ ಒಂದು, ಎದೆಯಲ್ಲಿ ಒಂದು. ಆಪರೇಷನ್ ವೇಳೆ ತಲೆಗೆ ಫ್ರೇಮ್ ಕಟ್ಟಿದ್ದರೆ ಹಣೆ ಮತ್ತು ತಲೆಯ ಹಿಂಬದಿಯಲ್ಲಿ ನಾಲ್ಕು ಪಿನ್ ಗುರುತುಗಳೂ ಇರುತ್ತವೆ. ಕೆಲವರಿಗೆ ಲೀಡ್ ಒಂದು ದಿನ, ಬ್ಯಾಟರಿ ಇನ್ನೊಂದು ದಿನ ಹಾಕುತ್ತಾರೆ. ಹಾಗಾದಾಗ ಎರಡನೆಯ ದಿನದಿಂದ ಎದೆಯ ಗಾಯದ ಲೆಕ್ಕ ಹೊಸದಾಗಿ ಶುರು.

ಪೂರ್ತಿ ಸರಿಹೋಗಲು ಎಷ್ಟು ದಿನ ಬೇಕು?

ಒಂದೇ ಅಂಕಿ ಹೇಳಿದರೆ ತಪ್ಪಾಗುತ್ತದೆ, ಯಾಕೆಂದರೆ ಇಲ್ಲಿ ನಾಲ್ಕು ಕೆಲಸಗಳು ನಾಲ್ಕು ವೇಗದಲ್ಲಿ ನಡೆಯುತ್ತಿರುತ್ತವೆ. ಹೊರಗಿನ ಗಾಯ ಕೂಡಿಕೊಳ್ಳಲು ಎರಡು ವಾರ. ಒಳಗೆ ವೈರಿನ ಸುತ್ತಲಿನ ಮಾಂಸ ಗಟ್ಟಿಯಾಗಲು ಆರು ವಾರ ಬೇಕು. ಲೀಡ್ ಇಳಿದ ದಾರಿಯ ಸುತ್ತ ಮಿದುಳಿನಲ್ಲಿ ಆದ ಊತ ಇಳಿಯಲು ಕೆಲವು ವಾರ. ಕರೆಂಟ್ ಮತ್ತು ಮಾತ್ರೆ ಎರಡನ್ನೂ ಹೊಂದಿಸಿ ಒಂದು ನಿಲುಗಡೆಗೆ ಬರಲು ಮೂರರಿಂದ ಆರು ತಿಂಗಳು, ಡಿಸ್ಟೋನಿಯಾದಲ್ಲಿ ಇನ್ನೂ ಹೆಚ್ಚು. ಮನೆಯಲ್ಲಿ ಹುಟ್ಟುವ ಆತಂಕದ ಬಹುಪಾಲು ಈ ನಾಲ್ಕನ್ನೂ ಒಂದೇ ಎಂದುಕೊಳ್ಳುವುದರಿಂದ ಬರುತ್ತದೆ: ಹೊಲಿಗೆ ಬಿಚ್ಚಿದರೂ ನಡಿಗೆ ಸುಧಾರಿಸಲಿಲ್ಲವಲ್ಲ ಎಂಬ ಚಿಂತೆ ಆ ಥರದ್ದು.

ಮರುದಿನವೇ ನಡುಕ ನಿಂತಿತ್ತು. ಹತ್ತು ದಿನಕ್ಕೆ ಮತ್ತೆ ಶುರುವಾಗಿದೆ. ಆಪರೇಷನ್ ಕೆಟ್ಟಿತೇ?

ಇಲ್ಲ. ಮಿಷಿನ್ ಆನ್ ಮಾಡುವ ಮೊದಲೇ ಕಾಣುವ ಆ ಸುಧಾರಣೆಗೆ ಮೈಕ್ರೋಲೀಷನ್ ಪರಿಣಾಮ ಎನ್ನುತ್ತಾರೆ. ಲೀಡ್ ಇಳಿಯುವಾಗ ಆ ಜಾಗದ ಜೀವಕೋಶಗಳು ನಲುಗಿ, ಸುತ್ತ ಊತ ಬಂದು, ತಪ್ಪು ಸಂಕೇತ ಕಳಿಸುತ್ತಿದ್ದ ಜಾಲ ತಾತ್ಕಾಲಿಕವಾಗಿ ಸುಮ್ಮನಾಗುತ್ತದೆ. ಊತ ಇಳಿದಂತೆ ನಡುಕ, ಬಿಗಿತ ಮರಳುತ್ತವೆ. ಕೆಲವರಿಗೆ ಮೂರು ದಿನ, ಕೆಲವರಿಗೆ ಮೂರು ನಾಲ್ಕು ವಾರ. ಲೀಡ್ ಸರಿಯಾದ ಜಾಗದಲ್ಲಿ ಕೂತಿದೆ ಎನ್ನುವುದಕ್ಕೆ ಇದನ್ನು ಒಳ್ಳೆಯ ಸೂಚನೆ ಎಂದೇ ನೋಡುತ್ತಾರೆ. ಹಾಗೆಂದು ಈ ಪರಿಣಾಮ ಕಾಣದವರು ಹೆದರಬೇಕಾಗಿಯೂ ಇಲ್ಲ.

ಪ್ರೋಗ್ರಾಮಿಂಗ್, ಅಂದರೆ ಮಿಷಿನ್ ಆನ್ ಮಾಡಿ ಕರೆಂಟ್ ಹೊಂದಿಸುವ ಕೆಲಸ, ಎರಡರಿಂದ ಆರು ವಾರ ತಡವಾಗಿ ಶುರುವಾಗುವುದೂ ಇದೇ ಕಾರಣಕ್ಕೆ. ಊತ ಇರುವಾಗ ಹೊಂದಿಸಿದ ಕರೆಂಟ್, ಊತ ಇಳಿದ ಮೇಲೆ ಹೊಂದುವುದಿಲ್ಲ.

ಮೂರನೇ ದಿನ ಕಣ್ಣು ಊದಿಕೊಂಡಿದೆ, ಎದೆ ನೀಲಿಗಟ್ಟಿದೆ. ಇದು ಸಹಜವೇ?

ಸಹಜ. ನೆತ್ತಿಯ ಕೆಳಗಿನ ನೀರು, ರಕ್ತ ಕೆಳಕ್ಕೆ ಜಾರಿ ಹಣೆ ಮತ್ತು ರೆಪ್ಪೆಗಳಲ್ಲಿ ನಿಲ್ಲುತ್ತದೆ. ಎರಡನೆಯ ಮೂರನೆಯ ದಿನ ಹೆಚ್ಚಾಗಿ ಕಂಡು ವಾರದೊಳಗೆ ಇಳಿಯುತ್ತದೆ. ಎರಡು ಮೂರು ದಿಂಬು ಇಟ್ಟು ತಲೆ ಸುಮಾರು 30 ಡಿಗ್ರಿ ಎತ್ತರದಲ್ಲಿರುವಂತೆ ಮಲಗಿದರೆ ಬೇಗ ಇಳಿಯುತ್ತದೆ. ಎದೆಯ ನೀಲಿ ಬಣ್ಣ ಹಸಿರು, ಹಳದಿಯಾಗಿ ಮಾಯುತ್ತದೆ. ಕುತ್ತಿಗೆಯಲ್ಲಿ ವೈರು ಹಾದ ಕಡೆ ಹಗ್ಗ ಎಳೆದಂತೆ ಬಿಗಿಯಾಗುವುದೂ ಸಾಮಾನ್ಯ.

ತಲೆನೋವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರಬೇಕು. ಇಳಿದ ನೋವು ಮತ್ತೆ ಏರತೊಡಗಿದರೆ, ಜೊತೆಗೆ ವಾಂತಿ ಅಥವಾ ಮಂಪರು ಇದ್ದರೆ, ಅದು ಸಹಜದ ಪಟ್ಟಿಯಲ್ಲಿ ಬರುವುದಿಲ್ಲ.

ರಾತ್ರಿ ಹೊತ್ತಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಾದ್ದು ಯಾವಾಗ?

- ಮೊದಲ ಸಲ ಫಿಟ್ಸ್ ಬಂದರೆ
- ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡರೆ, ಬಾಯಿ ಸೊಟ್ಟಗಾದರೆ, ಮಾತು ಒಮ್ಮೆಲೇ ನಿಂತರೆ
- ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಪರು, ಏರುತ್ತಲೇ ಇರುವ ತಲೆನೋವು, ಬಿಡದ ವಾಂತಿ
- 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ. ಅದರ ಜೊತೆ ಕುತ್ತಿಗೆ ಬಿಗಿತವಿದ್ದರೆ ಇನ್ನೂ ಬೇಗ
- ಗಾಯದ ಬಾಯಿ ಬಿಟ್ಟರೆ, ಕೀವು ಅಥವಾ ತಿಳಿನೀರು ಒಸರಿದರೆ, ವೈರು ಅಥವಾ ಲೋಹ ಕಣ್ಣಿಗೆ ಬಿದ್ದರೆ
- ಮೈಯೆಲ್ಲ ಹಲಗೆಯಂತೆ ಬಿಗಿದು, ಜ್ವರ ಏರಿ, ಬೆವರಿ, ಮಾತು ಅಸ್ತವ್ಯಸ್ತವಾದರೆ
- ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಅಥವಾ ಏಕಾಏಕಿ ಉಸಿರು ಕಟ್ಟಿದರೆ

ತುರ್ತು ವಿಭಾಗದಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ‘ಇವರಿಗೆ ಡಿಬಿಎಸ್ ಇದೆ’ ಎಂಬುದು. ಮಿಷಿನ್ ಕಂಪನಿ ಕೊಟ್ಟ ಕಾರ್ಡು ಜೇಬಿನಲ್ಲೇ ಇರಲಿ; ಎಂಆರ್‌ಐ ಮಾಡಬಹುದೋ ಬೇಡವೋ ಎಂದು ತಿಳಿಯುವುದು ಅದರಲ್ಲಿರುವ ಮಾಡೆಲ್ ನಂಬರಿನಿಂದ.

ಗಾಯವನ್ನು ನೋಡಿಕೊಳ್ಳುವುದು ಹೇಗೆ? ತಲೆಸ್ನಾನ ಯಾವಾಗ?

ದಿನಕ್ಕೊಮ್ಮೆ, ಒಳ್ಳೆಯ ಬೆಳಕಿನಲ್ಲಿ, ಸೋಪು ಹಾಕಿ ಕೈ ತೊಳೆದು ಎಲ್ಲ ಗಾಯಗಳನ್ನೂ ನೋಡಿ. ಕಿವಿಯ ಹಿಂದಿನದನ್ನು ಬಹಳ ಮಂದಿ ಮರೆಯುತ್ತಾರೆ. ಕನ್ನಡಕದ ಕಡ್ಡಿ ಉಜ್ಜುವುದೂ ಅಲ್ಲೇ. ಅಂಥ ಕಡೆ ಕಡ್ಡಿಯ ಕೆಳಗೆ ಚಿಕ್ಕ ಗಾಜ್ ತುಂಡು ಇಡಿ. ದಿನಾ ಒಂದೇ ಕೋನದಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ, ಕೆಂಪು ಹೆಚ್ಚಿತೋ ಕಡಿಮೆಯಾಯಿತೋ ಎಂಬ ಮನೆಯ ವಾದ ಅಲ್ಲಿಗೇ ಮುಗಿಯುತ್ತದೆ. ಡಾಕ್ಟರಿಗೆ ಕಳಿಸಲೂ ಅನುಕೂಲ.

ಹೊಲಿಗೆ ಅಥವಾ ಸ್ಟೇಪಲ್‌ಗಳನ್ನು ಸಾಮಾನ್ಯವಾಗಿ 7ರಿಂದ 14 ದಿನದೊಳಗೆ ತೆಗೆಯುತ್ತಾರೆ. ಅಲ್ಲಿಯವರೆಗೆ ಕುತ್ತಿಗೆಯ ಕೆಳಗೆ ಸ್ನಾನ, ಎದೆಯ ಗಾಯ ನೆನೆಯದಂತೆ. ತಲೆಗೆ ನೀರು ಹಾಕಲು ಕೆಲವು ಸರ್ಜನ್‌ಗಳು ಕೆಲವೇ ದಿನಕ್ಕೆ ಒಪ್ಪುತ್ತಾರೆ, ಕೆಲವರು ಹೊಲಿಗೆ ತೆಗೆಯುವವರೆಗೆ ಬೇಡವೆನ್ನುತ್ತಾರೆ. ಒಪ್ಪಿದಾಗ ಮಕ್ಕಳ ಶಾಂಪೂ ಅಂಗೈಯಲ್ಲಿ ನೊರೆ ಮಾಡಿ, ಬೆರಳ ತುದಿಯ ಮೆತ್ತನೆ ಭಾಗದಿಂದ ಸವರಿ, ನೀರು ಮೆಲ್ಲಗೆ ಹರಿಯಬಿಟ್ಟು, ಒಗೆದ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಹಕ್ಕಳೆ ತಾನಾಗಿ ಉದುರಲಿ. ಎಣ್ಣೆ, ಅರಿಶಿನ, ಪೌಡರ್, ಹೇಳದ ಮುಲಾಮು ಯಾವುದೂ ಬೇಡ. ತಲೆಗೆ ಬಣ್ಣ ಹಚ್ಚಲು ಗಾಯ ಪೂರ್ತಿ ಮಾಯಲಿ. ಕೆರೆ, ಈಜುಕೊಳ, ತೊಟ್ಟಿಯಲ್ಲಿ ಮುಳುಗುವುದು ಕನಿಷ್ಠ ಆರು ವಾರ ಬೇಡ.

ಗಾಯ ಮಾಯುವಾಗ ನವೆ ಬಂದೇ ಬರುತ್ತದೆ. ನಿದ್ದೆಯಲ್ಲಿ ಕೆರೆದುಕೊಳ್ಳುವವರಿದ್ದರೆ ಉಗುರು ಕತ್ತರಿಸಿ, ರಾತ್ರಿ ಸಡಿಲವಾದ ಹತ್ತಿಯ ಟೋಪಿ ಹಾಕಿ.

ಸೋಂಕಿಗೆ ಇಷ್ಟೊಂದು ಹೆದರುವುದು ಯಾಕೆ?

ಒಳಗಿರುವುದು ಲೋಹ ಮತ್ತು ಪ್ಲಾಸ್ಟಿಕ್. ಬ್ಯಾಕ್ಟೀರಿಯಾ ಅದರ ಮೇಲೆ ಪೊರೆ ಕಟ್ಟಿಕೊಂಡರೆ ರಕ್ತದ ಮೂಲಕ ಹೋಗುವ ಆ್ಯಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆಗ ಬ್ಯಾಟರಿ ತೆಗೆಯಬೇಕಾಗುತ್ತದೆ, ಸೋಂಕು ವೈರು ಹಿಡಿದು ಮೇಲೇರಿದರೆ ಲೀಡನ್ನೂ. ಹೆಚ್ಚಿನ ಸೋಂಕುಗಳು ಮೊದಲ ಮೂರು ತಿಂಗಳಲ್ಲಿ, ಎದೆಯ ಜಾಗದಲ್ಲಿ ಅಥವಾ ಕಿವಿಯ ಹಿಂದೆ ಕಾಣಿಸಿಕೊಳ್ಳುತ್ತವೆ. ಕೆಂಪು ಹರಡುವುದು, ಮುಟ್ಟಿದರೆ ಬಿಸಿ, ಇಳಿದ ಊತ ಮತ್ತೆ ಬರುವುದು, ಬ್ಯಾಟರಿಯ ಮೇಲಿನ ಚರ್ಮ ತೆಳುವಾಗಿ ಹೊಳೆಯುವುದು: ಇಷ್ಟರಲ್ಲಿ ಒಂದು ಕಂಡರೂ ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೇ ತೋರಿಸಿ. ಪರಿಚಯದ ಔಷಧಿ ಅಂಗಡಿಯ ಐದು ದಿನದ ಮಾತ್ರೆ ಲಕ್ಷಣವನ್ನು ಮುಚ್ಚಿ, ರೋಗ ಒಳಗೊಳಗೇ ಬಲಿಯಲು ಬಿಡುತ್ತದೆ. ಊತದೊಳಗಿನ ನೀರನ್ನು ಸೂಜಿಯಿಂದ ತೆಗೆಯಲು ಬೇರೆಯವರಿಗೆ ಅವಕಾಶ ಕೊಡಬೇಡಿ.

ಸಕ್ಕರೆ ಕಾಯಿಲೆ ಇದ್ದರೆ ಈ ಮೂರು ತಿಂಗಳು ಸಕ್ಕರೆ ಹತೋಟಿಯಲ್ಲಿರಲಿ, ಬೀಡಿ ಸಿಗರೇಟು ಪೂರ್ತಿ ನಿಲ್ಲಲಿ. ಎರಡೂ ಗಾಯ ಕೂಡುವುದನ್ನು ತಡೆಯುತ್ತವೆ.

ರಾತ್ರಿ ಗೊಂದಲ, ಯಾರೋ ಬಂದಂತೆ ಕಾಣುವುದು. ಏನು ಮಾಡಬೇಕು?

ವಯಸ್ಸಾದವರಲ್ಲಿ, ಮೊದಲೇ ಮರೆವು ಇದ್ದವರಲ್ಲಿ ಮೊದಲ ವಾರ ಹೀಗಾಗುವುದುಂಟು. ಅರಿವಳಿಕೆ, ನಿದ್ದೆಗೇಡು, ನೀರಿನ ಕೊರತೆ, ಮೂತ್ರ ಕಟ್ಟುವುದು, ನೋವಿನ ಮಾತ್ರೆ ಇವೆಲ್ಲ ಸೇರಿಕೊಂಡಿರುತ್ತವೆ. ಕೋಣೆಯಲ್ಲಿ ಮಂದ ದೀಪ ಇಡಿ, ಕನ್ನಡಕ ಮತ್ತು ಕಿವಿಯ ಮಿಷಿನ್ ಕೊಡಿ, ಹಗಲು ಎಬ್ಬಿಸಿ ಕೂರಿಸಿ, ಮೂತ್ರ ಸಲೀಸಾಗಿ ಹೋಗುತ್ತಿದೆಯೇ ನೋಡಿ. ಕಂಡದ್ದು ಸುಳ್ಳೆಂದು ವಾದಿಸುವುದರಿಂದ ಪ್ರಯೋಜನವಿಲ್ಲ. ಗೊಂದಲ ದಿನೇದಿನೇ ಹೆಚ್ಚಿದರೆ ಸ್ಕ್ಯಾನ್ ಬೇಕಾಗಬಹುದು. ಗೊಂದಲ ತಣಿಸಲು ಕೊಡುವ ಹ್ಯಾಲೊಪೆರಿಡಾಲ್ ಮಾತ್ರ ಯಾರು ಕೊಟ್ಟರೂ ಬೇಡವೆನ್ನಿ; ಅದು ಪಾರ್ಕಿನ್ಸನ್‌ನಲ್ಲಿ ಮೊದಲೇ ಕಡಿಮೆಯಿರುವ ಮಿದುಳಿನ ರಾಸಾಯನಿಕ ಡೋಪಮೈನ್‌ನ ಕೆಲಸವನ್ನು ತಡೆದು ಪಾರ್ಕಿನ್ಸನ್ ರೋಗಿಯನ್ನು ಮರಗಟ್ಟಿಸುತ್ತದೆ.

ಮಿಷಿನ್ ಹಾಕಿದ್ದಾಯಿತಲ್ಲ, ಪಾರ್ಕಿನ್ಸನ್ ಮಾತ್ರೆ ಬಿಡಬಹುದೇ?

ಈ ಪುಟದಲ್ಲಿ ಒಂದೇ ಉತ್ತರ ನೆನಪಿಡುವುದಾದರೆ ಇದನ್ನು ನೆನಪಿಡಿ: ಹೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ. ಪಾರ್ಕಿನ್ಸನ್‌ನ ಮುಖ್ಯ ಮಾತ್ರೆಯಾದ ಲೆವೊಡೋಪಾ ಒಮ್ಮೆಲೇ ನಿಂತರೆ ಮೈ ಬಿಗಿದು, ಜ್ವರ ಏರಿ, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾಗುವ ಪ್ರಾಣಾಪಾಯದ ಸ್ಥಿತಿ ಬರಬಹುದು. ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆ ಬೇಗ ಇಳಿಸಿದರೆ ತೀವ್ರ ಬೇಸರ, ನಿರಾಸಕ್ತಿ, ಚಡಪಡಿಕೆ ಹಿಡಿಯುತ್ತದೆ.

ಮಿಷಿನ್ ಆನ್ ಆಗುವವರೆಗೆ ಹೆಚ್ಚಿನವರಿಗೆ ಹಳೆಯ ಮಾತ್ರೆಗಳೇ, ಹಳೆಯ ಹೊತ್ತಿಗೇ. ಮೈಕ್ರೋಲೀಷನ್ ದಿನಗಳಲ್ಲಿ ಮೈ ತಾನಾಗಿ ಕುಣಿಯುವುದು ಹೆಚ್ಚಿದರೆ ಡಾಕ್ಟರ್ ಸ್ವಲ್ಪ ಇಳಿಸಬಹುದು. ಆ ಪರಿಣಾಮ ಹೋದಾಗ ಮತ್ತೆ ಏರಿಸಬೇಕಾಗುತ್ತದೆ. ಮುಂದೆ, ಲೀಡ್ ಮಿದುಳಿನಾಳದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಜಾಗದಲ್ಲಿದ್ದರೆ ಮಾತ್ರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಯುವುದು ಸಾಮಾನ್ಯ. ಗ್ಲೋಬಸ್ ಪ್ಯಾಲಿಡಸ್ ಎಂಬ ಇನ್ನೊಂದು ಜಾಗದಲ್ಲಿದ್ದರೆ ಹೆಚ್ಚು ಇಳಿಯುವುದಿಲ್ಲ, ಅದರ ಉದ್ದೇಶವೂ ಅದಲ್ಲ.

ಲೆವೊಡೋಪಾವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ಕೊಡಿ. ಪ್ರೋಟೀನು ಅದರ ಹೀರಿಕೆಗೆ ಪೈಪೋಟಿ ಕೊಡುತ್ತದೆ. ವಾಂತಿಗೆ ಮೆಟೊಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ಕೂಡ, ಮತ್ತೆ ಶುರುಮಾಡುವ ದಿನವನ್ನು ಸರ್ಜನ್ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ನೋವಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್ ಗುಂಪಿನವು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುವುದರಿಂದ ಕೇಳದೆ ಬೇಡ.

ಮಲಬದ್ಧತೆ?

ಪಾರ್ಕಿನ್ಸನ್ ಇದ್ದವರಿಗೆ ಮೊದಲೇ ಇರುವ ತೊಂದರೆ, ಈಗ ಇನ್ನಷ್ಟು. ಮಲ ಬರಲು ತಿಣುಕುವಾಗ ತಲೆಯೊಳಗಿನ ಒತ್ತಡ ಏರುತ್ತದೆ. ಎರಡು ದಿನ ಹೋಗದಿದ್ದರೆ ಮಲ ಸಡಿಲಿಸುವ ಔಷಧ ಕೇಳಿ. ನಾಲ್ಕನೇ ದಿನದವರೆಗೆ ಕಾಯಬೇಡಿ. ಹೊಟ್ಟೆ ಕಟ್ಟಿದರೆ ಲೆವೊಡೋಪಾ ಕೂಡ ಸರಿಯಾಗಿ ಹತ್ತುವುದಿಲ್ಲ.

ಎಷ್ಟು ಭಾರ ಎತ್ತಬಹುದು? ಕೈ ಎಷ್ಟು ಎತ್ತಬಹುದು?

ಮೊದಲ ನಾಲ್ಕರಿಂದ ಆರು ವಾರ ಎರಡು ಕಿಲೋ ಮೀರದಿರಲಿ. ತುಂಬಿದ ಬಕೆಟ್, ಮೊಮ್ಮಗು, ಗ್ಯಾಸ್ ಸಿಲಿಂಡರ್ ಯಾವುದೂ ಬೇಡ. ಬ್ಯಾಟರಿ ಇರುವ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವುದು, ಹಿಂದಕ್ಕೆ ಚಾಚುವುದು ಬೇಡ. ಮುಂದೆ ಗುಂಡಿಯಿರುವ ಅಂಗಿ ಹಾಕಿದರೆ ಈ ತಾಪತ್ರಯವೇ ಇರುವುದಿಲ್ಲ. ಆದರೆ ಹೆದರಿ ಕೈಯನ್ನು ಪೂರ್ತಿ ಕಟ್ಟಿಹಾಕಿದರೆ ಭುಜ ಹಿಡಿದುಕೊಳ್ಳುತ್ತದೆ. ಭುಜದ ಮಟ್ಟದವರೆಗೆ ದಿನಾ ನಿಧಾನ ಆಡಿಸಿ. ಕುತ್ತಿಗೆಯೂ ಹಾಗೆಯೇ: ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ, ಝಾಡಿಸಬೇಡಿ. ಆಡದ ಕುತ್ತಿಗೆಯಲ್ಲಿ ವೈರಿನ ಸುತ್ತ ಗಟ್ಟಿ ಪೊರೆ ಬೆಳೆದು ಬಿಗಿತ ಕಾಯಂ ಆಗಬಹುದು.

ಎದೆಯ ಬ್ಯಾಟರಿಯನ್ನು ಬೆರಳಿನಿಂದ ತಿರುಗಿಸುವ, ಒತ್ತಿ ನೋಡುವ ಚಟ ಕೆಲವರಿಗೆ ಅಂಟುತ್ತದೆ. ಸುತ್ತಿ ಸುತ್ತಿ ವೈರು ಹುರಿಗೊಂಡು ತುಂಡಾದದ್ದಿದೆ, ಲೀಡನ್ನೇ ಮೇಲಕ್ಕೆ ಎಳೆದದ್ದೂ ಇದೆ.

ನಡಿಗೆ, ವ್ಯಾಯಾಮ?

ಮನೆಗೆ ಬಂದ ದಿನದಿಂದಲೇ, ಪಕ್ಕದಲ್ಲೊಬ್ಬರಿದ್ದು, ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ. ತಲೆ ಸೊಂಟಕ್ಕಿಂತ ಕೆಳಗೆ ಹೋಗುವಂತೆ ಬಗ್ಗಬೇಡಿ. ಬೀಳುವುದೇ ದೊಡ್ಡ ಅಪಾಯ: ಮೈ ಹಗುರಾಯಿತೆಂಬ ಹುಮ್ಮಸ್ಸಿನಲ್ಲಿ ಎದ್ದು ನಡೆಯುತ್ತಾರೆ, ಸಮತೋಲ ಮಾತ್ರ ಹಳೆಯದೇ ಇರುತ್ತದೆ. ಡಿಬಿಎಸ್ ನಡುಕ, ಬಿಗಿತ, ನಿಧಾನಗತಿಗೆ ಒಳ್ಳೆಯದು; ಮಾತ್ರೆ ಚೆನ್ನಾಗಿ ಹತ್ತಿದಾಗಲೂ ಸರಿಹೋಗದ ಸಮತೋಲ, ಮಾತು, ನುಂಗುವಿಕೆಗೆ ಅದರಿಂದ ಹೆಚ್ಚಿನ ಉಪಕಾರವಿಲ್ಲ. ತೂಕವೂ ಏರುವುದುಂಟು, ನಡುಕಕ್ಕೆ ವ್ಯಯವಾಗುತ್ತಿದ್ದ ಶಕ್ತಿ ಉಳಿಯುವುದು ಅದಕ್ಕೊಂದು ಕಾರಣ.

ಮೊದಲ ಪ್ರೋಗ್ರಾಮಿಂಗ್ ದಿನ ಏನಾಗುತ್ತದೆ?

ಹೆಚ್ಚಾಗಿ ಬೆಳಗಿನ ಪಾರ್ಕಿನ್ಸನ್ ಮಾತ್ರೆ ತೆಗೆದುಕೊಳ್ಳದೆ ಬರಹೇಳುತ್ತಾರೆ. ಮಾತ್ರೆಯ ಮುಸುಕಿಲ್ಲದೆ ಕರೆಂಟಿನ ಕೆಲಸ ನೋಡಲು. ಮಾತ್ರೆಯ ಡಬ್ಬಿ ಜೊತೆಗೇ ಒಯ್ಯಿರಿ. ಪ್ರತಿ ಕಾಂಟ್ಯಾಕ್ಟನ್ನೂ ಒಂದೊಂದಾಗಿ ಪರೀಕ್ಷಿಸುವುದರಿಂದ ಎರಡು ಮೂರು ಗಂಟೆ ಹಿಡಿಯಬಹುದು. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಸಲ, ಪ್ರತಿಸಲ 60 ಮೈಕ್ರೋಸೆಕೆಂಡಿನ ಮಿಡಿತ. ಹೆಚ್ಚಿನ ಆವರ್ತನದಲ್ಲಿ ನಡುಕ ನಿಲ್ಲುತ್ತದೆಂದು 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಾಬಿಡ್ ಅವರ ತಂಡ ತೋರಿಸಿದಾಗಿನಿಂದ ಲೆಕ್ಕ ಇದರ ಆಸುಪಾಸಿನಲ್ಲೇ ಇದೆ. ಕರೆಂಟನ್ನು ಕೊಂಚ ಕೊಂಚವೇ ಏರಿಸುತ್ತಾರೆ. ಕೈಯಲ್ಲಿ ಜುಮ್ಮೆಂದು ಕ್ಷಣದಲ್ಲಿ ಹೋಗುವುದು ಸಹಜ. ಜುಮ್ಮು ಉಳಿದರೆ, ನಾಲಿಗೆ ತೊದಲಿದರೆ, ಮುಖ ಎಳೆದರೆ, ಎರಡೆರಡು ಕಂಡರೆ ಆಗಲೇ ಹೇಳಿ. ಕರೆಂಟು ಪಕ್ಕದ ನರಗಳಿಗೆ ಹರಡುತ್ತಿದೆ ಎಂದರ್ಥ.

ನಡುಕ ಸೆಕೆಂಡುಗಳಲ್ಲಿ ನಿಲ್ಲಬಹುದು, ಬಿಗಿತ ನಿಮಿಷಗಳಲ್ಲಿ, ನಿಧಾನಗತಿ ಸುಧಾರಿಸಲು ಗಂಟೆಗಳು, ದಿನಗಳು. ಡಿಸ್ಟೋನಿಯಾ ಸಡಿಲವಾಗಲು ವಾರಗಳಿಂದ ತಿಂಗಳುಗಳು ಬೇಕು. ಮನೆಯಲ್ಲಿ ಎರಡು ಮೂರು ದಿನದ ಡೈರಿ ಬರೆಯಿರಿ: ಮಾತ್ರೆಯ ಹೊತ್ತು, ಮೈ ಹಗುರಾದ ಹೊತ್ತು, ಬಿಗಿದ ಹೊತ್ತು, ಕುಣಿದ ಹೊತ್ತು. ‘ಪರವಾಗಿಲ್ಲ’ ಎಂಬ ಒಂದೇ ಮಾತಿಗಿಂತ ಆ ಹಾಳೆ ಪ್ರೋಗ್ರಾಮರ್‌ಗೆ ಹೆಚ್ಚು ಹೇಳುತ್ತದೆ.

ಆನ್ ಮಾಡಿದ ಮೇಲೆ ಸ್ವಭಾವವೇ ಬದಲಾದಂತಿದೆ.

ಅದನ್ನು ಮನೆಯ ಜಗಳವೆಂದು ಮುಚ್ಚಿಡಬೇಡಿ. ನಿದ್ದೆ ಬೇಡವೆನ್ನುವುದು, ಅತಿಯಾದ ಮಾತು, ಎಗ್ಗಿಲ್ಲದ ಖರ್ಚು, ಇದ್ದಕ್ಕಿದ್ದಂತೆ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇವೆಲ್ಲ ಕರೆಂಟು ಅಥವಾ ಮಾತ್ರೆಯ ಬದಲಾವಣೆಯಿಂದ ಬರಬಹುದು, ಹೊಂದಿಸಿದರೆ ಇಳಿಯಲೂಬಹುದು. ಸಾಯುವ ಮಾತು ಬಂದರೆ ಆ ದಿನವೇ ಡಾಕ್ಟರಿಗೆ ತೋರಿಸಿ, ಒಬ್ಬರನ್ನೇ ಬಿಡಬೇಡಿ. ರೋಗಿಗೆ ತನ್ನ ಬದಲಾವಣೆ ಗೊತ್ತಾಗದಿರಬಹುದು. ಹಾಗಾಗಿ ಮನೆಯವರೊಬ್ಬರು ಪ್ರತಿ ಭೇಟಿಗೂ ಜೊತೆಗಿರಲಿ.

ಬ್ಯಾಟರಿ ಚಾರ್ಜ್ ಮಾಡುವುದು ಹೇಗೆ?

ಎಲ್ಲರದ್ದೂ ಚಾರ್ಜ್ ಆಗುವ ಮಾದರಿಯಲ್ಲ. ಚಾರ್ಜ್ ಆಗದವು ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತವೆ, ಚಾರ್ಜ್ ಆಗುವವು 15 ವರ್ಷ ಅಥವಾ ಹೆಚ್ಚು. ಎರಡನೆಯದಾದರೆ ಎದೆಯ ಗಾಯ ಮಾಯ್ದ ಮೇಲೆ, ತೆಳು ಬಟ್ಟೆಯ ಮೇಲೆ ಚಾರ್ಜರ್ ಇಟ್ಟು, ಸಿಗ್ನಲ್ ಪೂರ್ತಿ ಬರುವವರೆಗೆ ಅತ್ತಿತ್ತ ಸರಿಸಿ ಹೊಂದಿಸಿ. ಅರ್ಧಂಬರ್ಧ ಹೊಂದಿದರೆ ಹೊತ್ತೂ ಹೆಚ್ಚು, ಚರ್ಮಕ್ಕೆ ಬಿಸಿಯೂ ಹೆಚ್ಚು. ಚಾರ್ಜರ್ ಇಟ್ಟುಕೊಂಡು ನಿದ್ದೆ ಮಾಡಬಾರದು. ದಿನಾ ಸ್ವಲ್ಪವೋ ವಾರಕ್ಕೊಮ್ಮೆ ಪೂರ್ತಿಯೋ, ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಪೂರ್ತಿ ಬರಿದಾಗಲು ಬಿಟ್ಟರೆ ಸ್ಟಿಮ್ಯುಲೇಷನ್ ನಿಲ್ಲುತ್ತದೆ.

ಯಾವ ಯಾವ ಉಪಕರಣದಿಂದ ದೂರವಿರಬೇಕು?

ಎಲ್ಲಕ್ಕಿಂತ ಅಪಾಯ ಡಯಾಥರ್ಮಿ, ಅಂದರೆ ಫಿಸಿಯೋಥೆರಪಿಯಲ್ಲಿ ಮಂಡಿ, ಸೊಂಟಕ್ಕೆ ಕೊಡುವ ಶಾರ್ಟ್‌ವೇವ್, ಮೈಕ್ರೋವೇವ್ ಅಥವಾ ಅಲ್ಟ್ರಾಸೌಂಡ್ ಶಾಖ. ಮೈಯ ಯಾವ ಭಾಗಕ್ಕೂ ಬೇಡ, ಮಿಷಿನ್ ಆಫ್ ಇದ್ದರೂ ಬೇಡ. ಶಕ್ತಿ ಲೀಡಿನ ಮೂಲಕ ಹರಿದು ಮಿದುಳನ್ನು ಸುಟ್ಟು ಜೀವ ಹೋದ ಪ್ರಕರಣಗಳಿವೆ. ಹೊಟ್ಟೆ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇರೆ, ಅದು ಸರಿ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗೂ ತೊಂದರೆಯಿಲ್ಲ. ಎಂಆರ್‌ಐ ಮಾತ್ರ ನಿಮ್ಮ ಮಾಡೆಲ್‌ನ ಷರತ್ತಿನಂತೆ, ತಿಳಿದವರು ಸೆಟ್ಟಿಂಗ್ ಬದಲಿಸಿದ ಮೇಲೆ. ಬೇರೆ ಆಪರೇಷನ್ ಇದ್ದರೆ ಮೊದಲೇ ಹೇಳಿ: ಮಿಷಿನ್ ಆಫ್ ಮಾಡಿ, ಬೈಪೋಲಾರ್ ಕಾಟರಿ (ಕರೆಂಟನ್ನು ತನ್ನ ಎರಡು ತುದಿಗಳ ನಡುವೆಯೇ ಉಳಿಸಿ ರಕ್ತ ನಿಲ್ಲಿಸುವ ಸಾಧನ) ಬಳಸುತ್ತಾರೆ. ಇಸಿಜಿ ಗೀಟು ಗಲಿಬಿಲಿಯಾಗಿ ಕಂಡರೆ ಸ್ಟಿಮ್ಯುಲೇಷನ್ನಿನ ಹಸ್ತಕ್ಷೇಪವಿರಬಹುದು.

ಮನೆಯ ಫ್ರಿಜ್, ಟಿವಿ, ಮಿಕ್ಸರ್, ಮೈಕ್ರೋವೇವ್ ಓವನ್ ನಿರಪಾಯ. ಇಂಡಕ್ಷನ್ ಒಲೆಯ ಮೇಲೆ ಎದೆ ಬಾಗಿಸಬೇಡಿ. ಮೊಬೈಲನ್ನು ಆ ಬದಿಯ ಅಂಗಿ ಜೇಬಿನಲ್ಲಿಡಬೇಡಿ. ಸ್ಪೀಕರಿನಂಥ ದೊಡ್ಡ ಅಯಸ್ಕಾಂತ ಎದೆಗೆ ತಾಗದಿರಲಿ. ವಿಮಾನ ನಿಲ್ದಾಣದಲ್ಲಿ ಕಾರ್ಡು ತೋರಿಸಿ ಕೈ ತಪಾಸಣೆ ಕೇಳಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಬ್ಯಾಟರಿಯ ಮೇಲೆ ಆಡಿಸಬಾರದು.

ವಿಮಾನ ಪ್ರಯಾಣ, ಗಾಡಿ ಓಡಿಸುವುದು?

ಆಪರೇಷನ್ ವೇಳೆ ಬುರುಡೆಯೊಳಗೆ ಸೇರಿದ ಗಾಳಿ ಕರಗುವವರೆಗೆ ವಿಮಾನ ಬೇಡ, ಎತ್ತರದಲ್ಲಿ ಅದು ಹಿಗ್ಗುತ್ತದೆ; ದಿನವನ್ನು ಸರ್ಜನ್ ಹೇಳಲಿ. ಗಾಡಿಯೂ ಅವರು ಲಿಖಿತವಾಗಿ ಒಪ್ಪಿದ ಮೇಲೆ, ಅದೂ ಪ್ರೋಗ್ರಾಮಿಂಗ್ ಒಂದು ಹದಕ್ಕೆ ಬಂದ ಮೇಲೆ.

ಇದ್ದಕ್ಕಿದ್ದಂತೆ ಹಳೆಯ ಲಕ್ಷಣಗಳೆಲ್ಲ ಮರಳಿದರೆ?

ಮೊದಲು ರಿಮೋಟ್ ಹಿಡಿದು ಸ್ಟಿಮ್ಯುಲೇಷನ್ ಆನ್ ಇದೆಯೇ, ಬ್ಯಾಟರಿ ಎಷ್ಟಿದೆ ನೋಡಿ. ಆಫ್ ಆಗಿದ್ದರೆ ಕಲಿಸಿದಂತೆ ಆನ್ ಮಾಡಿ, ಹೊತ್ತು ಬರೆದಿಡಿ. ಆನ್ ಇದ್ದೂ ಹೀಗಾದರೆ ಮಾತ್ರೆ ತಪ್ಪಿದೆಯೇ, ಜ್ವರ ಅಥವಾ ಮೂತ್ರದ ಸೋಂಕು ಇದೆಯೇ ಯೋಚಿಸಿ. ಪಾರ್ಕಿನ್ಸನ್ ರೋಗಿಯಲ್ಲಿ ಸಣ್ಣ ಸೋಂಕೂ ಎಲ್ಲವನ್ನೂ ಕೆದರುತ್ತದೆ. ಬಿದ್ದ ಮೇಲೆ ಶುರುವಾಗಿದ್ದರೆ, ಕುತ್ತಿಗೆಯಲ್ಲಿ ಶಾಕ್ ಹೊಡೆದಂತಾದರೆ ವೈರು ತುಂಡಾಗಿರುವ ಅನುಮಾನವಿದೆ. ಎಕ್ಸ್‌ರೇ ಮತ್ತು ವೈರಿನಲ್ಲಿ ಕರೆಂಟ್ ಸರಿಯಾಗಿ ಹರಿಯುತ್ತಿದೆಯೇ ನೋಡುವ ಇಂಪೀಡೆನ್ಸ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಸ್ಟಿಮ್ಯುಲೇಷನ್ ವರ್ಷಗಟ್ಟಲೆ ನಡೆದು ಮಾತ್ರೆ ಬಹಳ ಇಳಿದವರಲ್ಲಿ ಬ್ಯಾಟರಿ ದಿಢೀರ್ ನಿಂತರೆ ಅದು ತುರ್ತು ಸ್ಥಿತಿಯೇ.

ಬ್ಯಾಟರಿ ಬದಲಿಸುವಾಗ ಮತ್ತೆ ತಲೆ ತೆರೆಯಬೇಕೇ?

ಬೇಡ. ಎದೆಯ ಹಳೆಯ ಗಾಯವನ್ನೇ ಬಿಡಿಸಿ, ವೈರು ಕಳಚಿ, ಹೊಸದಕ್ಕೆ ಜೋಡಿಸಿ ಹೊಲಿಯುತ್ತಾರೆ. ಅದೇ ದಿನ ಅಥವಾ ಮರುದಿನ ಮನೆಗೆ. ಮಿದುಳಿನ ಊತದ ಗೊಡವೆ ಇಲ್ಲ, ಹಳೆಯ ಸೆಟ್ಟಿಂಗ್ ಅಂದೇ ಹಾಕಬಹುದು. ಸೋಂಕಿನ ಎಚ್ಚರ ಮಾತ್ರ ಮೊದಲ ಸಲದಷ್ಟೇ ಇರಲಿ.